ರಾತ್ರಿ ಕೈ ಕೊಡವಿದ ಹೆಂಗಸರು

ನಡುರಾತ್ರಿ ಕೈಗೆ ಜೋಮು ಹಿಡಿದು ಎಚ್ಚರವಾಗುವುದು, ಎದ್ದು ಕೂತು ಕೈ ಕೊಡವುವುದು, ಸ್ವಲ್ಪ ಹೊತ್ತು ಮಂಚದಿಂದ ಕೆಳಗೆ ಇಳಿಬಿಡುವುದು, ಮತ್ತೆ ಮಲಗುವುದು. ನಲವತ್ತು ದಾಟಿದ ಹೆಂಗಸರಲ್ಲಿ ಎಷ್ಟೋ ಮಂದಿಗೆ ಇದು ಹೊಸದಲ್ಲ. ಹೇಳಿಕೊಳ್ಳುವುದಿಲ್ಲ, ಅಷ್ಟೆ. ಬೆಳಿಗ್ಗೆ ಹಾಲು ಕಾಯಿಸುವ ಹೊತ್ತಿಗೆ ಅರ್ಧ ಮರೆತೇ ಹೋಗಿರುತ್ತದೆ. ಆದರೆ ಈ ಕೈ ಕೊಡವುವುದಕ್ಕೂ ಒಂದು ಚರಿತ್ರೆಯಿದೆ. ಅದನ್ನು ಓದುವಾಗ ನನಗೆ ಅಚ್ಚರಿಗಿಂತ ಸಿಟ್ಟೇ ಹೆಚ್ಚು ಬಂತು.

1880ರಲ್ಲಿ ಅಮೆರಿಕದ ಬಾಸ್ಟನ್ ನಗರದ ನರವೈದ್ಯ ಜೇಮ್ಸ್ ಜಾಕ್ಸನ್ ಪಟ್ನಮ್ 37 ರೋಗಿಗಳ ವಿವರ ಪ್ರಕಟಿಸಿದರು. ಹೆಚ್ಚಿನವರು ಹೆಂಗಸರು. ರಾತ್ರಿಯ ಜೋಮು, ಕೈ ಇಳಿಬಿಟ್ಟರೆ ಅಥವಾ ಕೊಡವಿದರೆ ಸಿಗುವ ಆರಾಮ, ಎಲ್ಲವನ್ನೂ ಅವರು ಬರೆದುಕೊಂಡಿದ್ದರು. ರೋಗಿಗಳು ಹೇಳಿದ್ದನ್ನು ಕಿವಿಗೊಟ್ಟು ಕೇಳಿದರು ಎನ್ನುವುದಕ್ಕೆ ಇಷ್ಟು ಸಾಕು. ಕಾರಣ ಮಾತ್ರ ತಪ್ಪಿತು. ರಕ್ತನಾಳಗಳು ಸಂಕೋಚಗೊಂಡು ಹೀಗಾಗುತ್ತಿರಬಹುದು ಎಂದು ಅವರು ಊಹಿಸಿದರು. 1893ರಲ್ಲಿ ಜರ್ಮನಿಯ ಶುಲ್ಟ್ಸೆ ಇದಕ್ಕೆ ಅಕ್ರೋಪ್ಯಾರಸ್ತೀಸಿಯಾ ಎಂಬ ಉದ್ದನೆಯ ಹೆಸರಿಟ್ಟರು. ಹೆಸರು ಸಿಕ್ಕಿತು, ಕಾರಣ ಸಿಗಲಿಲ್ಲ.

ನಿಜವಾದ ಕಾರಣ ಇದ್ದದ್ದು ಮಣಿಕಟ್ಟಿನಲ್ಲಿ. ಅಲ್ಲಿ ಎಂಟು ಪುಟ್ಟ ಮೂಳೆಗಳು ಬಿಲ್ಲಿನಂತೆ ಬಾಗಿ ಕೂತಿವೆ. ಅವುಗಳ ಮೇಲೆ, ಅಂಗೈ ಕಡೆಗೆ, ಬಲವಾದ ಒಂದು ಪಟ್ಟಿ ಬಿಗಿದಿದೆ. ನಡುವೆ ಉಳಿದ ಇಕ್ಕಟ್ಟಿನ ದಾರಿಯಲ್ಲಿ ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳು ಓಡಾಡಬೇಕು. ಅವುಗಳ ಜೊತೆಗೇ ಮೀಡಿಯನ್ ಎಂಬ ನರವೂ ಸಾಗಬೇಕು. ಲಂಗದ ಪಟ್ಟಿಯೊಳಗೆ ಒಂದು ಲಾಡಿಯ ಬದಲು ಹತ್ತು ಲಾಡಿ ತೂರಿಸಿದ ಹಾಗೆ. ರಜ್ಜುಗಳ ಹೊದಿಕೆ ಸ್ವಲ್ಪ ಊದಿಕೊಂಡರೂ ಸಾಕು, ಪಟ್ಟಿ ಹಿಗ್ಗುವುದಿಲ್ಲ, ಮೂಳೆ ಸರಿಯುವುದಿಲ್ಲ, ಹಿಂಡಿಸಿಕೊಳ್ಳುವುದು ಪಾಪ ಆ ನರ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧ ಭಾಗದ ಸ್ಪರ್ಶ ಇದರದ್ದು. ನಿದ್ದೆಯಲ್ಲಿ ಮಣಿಕಟ್ಟು ಮಡಚಿಕೊಂಡರೆ ಒಳಗಿನ ಒತ್ತಡ ಇನ್ನಷ್ಟು ಏರುತ್ತದೆ. ರಾತ್ರಿಯೇ ಕಾಟ ಕೊಡುವುದು ಅದಕ್ಕೆ.

ಮಣಿಕಟ್ಟಿನ ಮೂಳೆ ಮುರಿದವರಲ್ಲಿ ಈ ನರ ಒತ್ತಿಹೋಗುವುದನ್ನು ಲಂಡನ್ನಿನ ಜೇಮ್ಸ್ ಪ್ಯಾಜೆಟ್ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲೇ ಕಂಡಿದ್ದರು. ಆದರೆ ಪೆಟ್ಟೂ ಇಲ್ಲದೆ, ಬೀಳದೆ, ಮನೆಗೆಲಸ ಮಾಡಿಕೊಂಡಿದ್ದ ಹೆಂಗಸಿನ ನರ ಒತ್ತಿಹೋಗಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು 1913ರಲ್ಲಿ, ಫ್ರಾನ್ಸಿನಲ್ಲಿ. ಪಿಯೆರ್ ಮಾರಿ ಮತ್ತು ಶಾರ್ಲ್ ಫ್ವಾ ಎಂಬ ವೈದ್ಯರು 80 ವರ್ಷದ ಒಬ್ಬ ಮುದುಕಿಯ ಶವಪರೀಕ್ಷೆ ಮಾಡಿದರು. ಆಕೆಯ ಎರಡೂ ಕೈಗಳಲ್ಲಿ ಹೆಬ್ಬೆರಳ ಬುಡದ ಮಾಂಸ ಸವೆದುಹೋಗಿತ್ತು. ಕೊಯ್ದು ನೋಡಿದರೆ ನರ ಪಟ್ಟಿಗಿಂತ ಮೇಲೆ ಗಂಟಿನಂತೆ ಊದಿತ್ತು, ಪಟ್ಟಿಯ ಅಡಿಯಲ್ಲಿ ಸಪೂರವಾಗಿತ್ತು. ಮೊದಲೇ ಗುರುತಿಸಿದ್ದರೆ ಆ ಪಟ್ಟಿ ಕತ್ತರಿಸಿ ರೋಗ ತಡೆಯಬಹುದಿತ್ತೇನೋ ಎಂದೂ ಅವರು ಬರೆದರು. ಇಂದಿಗೂ ಮಾಡುವ ಶಸ್ತ್ರಕ್ರಿಯೆ ಇದೇ. ಹೆಸರೂ ಉಳಿಯದ ಆ ಅಜ್ಜಿ ತನ್ನ ಕೈಯಿಂದ ಇಷ್ಟು ದೊಡ್ಡ ಪಾಠ ಹೇಳಿಕೊಟ್ಟು ಹೋದಳು. ಕೇಳಿಸಿಕೊಂಡವರು ಬಹಳ ಕಡಿಮೆ.

ವೈದ್ಯರ ಕಣ್ಣು ಕುತ್ತಿಗೆಯ ಕಡೆ ತಿರುಗಿತ್ತು. ಕತ್ತಿನ ಬುಡದಲ್ಲಿರುವ ಹೆಚ್ಚಿನ ಪಕ್ಕೆಲುಬು ನರಗಳನ್ನು ಒತ್ತುತ್ತದೆ, ನಡುವಯಸ್ಸಿನಲ್ಲಿ ಹೆಂಗಸರ ಭುಜ ಜೋತುಬೀಳುತ್ತದೆ ಎಂಬ ವಾದಗಳು ಬಂದವು. ಕೈ ಜೋಮಿಗೆ ಪಕ್ಕೆಲುಬು ಕತ್ತರಿಸಿದ್ದೂ ಉಂಟು, ಕುತ್ತಿಗೆಯ ಸ್ನಾಯು ಕೊಯ್ದದ್ದೂ ಉಂಟು. ನಮ್ಮ ಮನೆಯ ವೈದ್ಯವೇನೂ ಇದಕ್ಕಿಂತ ಮೇಲಲ್ಲ. ನಮ್ಮ ದೊಡ್ಡತ್ತೆ ರಾತ್ರಿಯೆಲ್ಲ ಕೈ ಕೊಡವುತ್ತಿದ್ದರೆ “ವಾಯು” ಎಂದು ಹೇಳಿ ಹರಳೆಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದರು. ಅತ್ತೆಯ ಕೈಯಿಂದ ಲೋಟ ಜಾರಿದರೆ ಬೈಗುಳ ಬೇರೆ. ಹಿಡಿತ ತಪ್ಪುವುದೂ ಈ ರೋಗದ ಲಕ್ಷಣವೇ ಎಂದು ಯಾರಿಗೆ ಗೊತ್ತಿತ್ತು!

ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಪಟ್ಟಿ ಕತ್ತರಿಸಿದ ವರದಿಯನ್ನು ಜೇಮ್ಸ್ ಲಿಯರ್ಮಂತ್ 1933ರಲ್ಲಿ ಪ್ರಕಟಿಸಿದರು. ದೊಡ್ಡ ತಿರುವು ಬಂದದ್ದು 1947ರಲ್ಲಿ. ಲಂಡನ್ನಿನ ರಸೆಲ್ ಬ್ರೈನ್ ಮತ್ತು ಸಂಗಡಿಗರು ತಾವು ಶಸ್ತ್ರಕ್ರಿಯೆ ಮಾಡಿಸಿದ ಆರು ಮಂದಿಯ ಕಥೆಯನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಆರು ಮಂದಿಯೂ ಹೆಂಗಸರು. ಪಟ್ನಮ್ ಬರೆದು ಆಗಲೇ 67 ವರ್ಷ ಕಳೆದಿತ್ತು.

ಆಮೇಲೆ ಈ ರೋಗವನ್ನು ಮನೆಮಾತಾಗಿಸಿದವರು ಅಮೆರಿಕದ ಜಾರ್ಜ್ ಫೇಲನ್. ಮಣಿಕಟ್ಟುಗಳನ್ನು ಮಡಚಿ ಒಂದು ನಿಮಿಷ ಹಿಡಿದು ಜೋಮು ಬರುವುದೇ ಎಂದು ನೋಡುವ ಪರೀಕ್ಷೆಗೆ ಅವರದೇ ಹೆಸರು. 1966ರಲ್ಲಿ ಅವರು 17 ವರ್ಷಗಳಲ್ಲಿ ನೋಡಿದ 654 ಕೈಗಳ ಲೆಕ್ಕ ಕೊಟ್ಟರು. ಅಷ್ಟು ಕೈ ನೋಡಿದವರ ಬಗ್ಗೆ ಗೌರವವಿದೆ. ಆದರೆ ಹೆಚ್ಚಾಗಿ ನಡುವಯಸ್ಸಿನ ಹೆಂಗಸರಿಗೆ ಬರುವುದರಿಂದ ಇದು ದುಡಿಮೆಯಿಂದ ಬರುವ ರೋಗವಲ್ಲ ಎಂಬ ಅವರ ನಿಲುವನ್ನು ನಾನು ಒಪ್ಪಲಾರೆ. ಒಗೆಯುವುದು, ಹಿಂಡುವುದು, ಲಟ್ಟಿಸುವುದು ದುಡಿಮೆಯಲ್ಲವೇ? ಬಿಗಿಯಾಗಿ ಹಿಡಿದು ಮತ್ತೆ ಮತ್ತೆ ಮಾಡುವ ಕೆಲಸ ಈ ರೋಗದ ಅಪಾಯವನ್ನು ಹೆಚ್ಚಿಸುತ್ತದೆಂದು ನಂತರದ ಅಧ್ಯಯನಗಳು ತೋರಿಸಿವೆ. ಹಾಗೆಂದು ಎಲ್ಲವನ್ನೂ ಕೆಲಸದ ತಲೆಗೆ ಕಟ್ಟುವಂತಿಲ್ಲ. ಬಸುರಿನಲ್ಲಿ, ಥೈರಾಯ್ಡ್ ಕಡಿಮೆಯಾದಾಗ, ಸಕ್ಕರೆ ಕಾಯಿಲೆ, ಕೀಲುವಾತ ಇದ್ದಾಗಲೂ ಇದು ಬರುತ್ತದೆ.

ಕೈ ಕೊಡವುವುದಕ್ಕೆ ಬೆಲೆ ಬಂದದ್ದು 1984ರಲ್ಲಿ. ರಾತ್ರಿ ಕಾಟ ಹೆಚ್ಚಾದಾಗ ಕೈಯನ್ನು ಏನು ಮಾಡುತ್ತೀರಿ ಎಂದು ಕೆನಡಾದ ಪ್ರೈಸ್-ಫಿಲಿಪ್ಸ್ ರೋಗಿಗಳನ್ನು ಕೇಳಿದರು. ಥರ್ಮಾಮೀಟರ್ ಕೊಡವುವಂತೆ ಕೊಡವಿ ತೋರಿಸಿದವರಲ್ಲಿ ಬಹುಪಾಲು ಜನರಿಗೆ ಈ ರೋಗವೇ ಇತ್ತು. ಅದೊಂದನ್ನೇ ನಂಬಬಾರದೆಂದು ಆಮೇಲಿನ ವೈದ್ಯರು ತಕರಾರು ತೆಗೆದಿದ್ದಾರೆ. ನರದಲ್ಲಿ ವಿದ್ಯುತ್ ಹರಿಯುವ ವೇಗ ಅಳೆಯುವ ಪರೀಕ್ಷೆ ಈಗ ಇದೆ.

ಶುರುವಿನಲ್ಲೇ ಗೊತ್ತಾದರೆ ರಾತ್ರಿ ಮಣಿಕಟ್ಟು ಮಡಚದಂತೆ ಪಟ್ಟಿ ಕಟ್ಟಿಕೊಂಡು ಮಲಗುವುದರಿಂದಲೇ ಎಷ್ಟೋ ಜನರಿಗೆ ಹಗುರಾಗುತ್ತದೆ. ಸ್ಟೀರಾಯ್ಡ್ ಚುಚ್ಚುಮದ್ದಿದೆ. ಹೆಬ್ಬೆರಳ ಬುಡ ಸವೆಯುವವರೆಗೆ ಕಾದರೆ ಶಸ್ತ್ರಕ್ರಿಯೆಯಿಂದಲೂ ಕಳೆದ ಶಕ್ತಿ ಪೂರ್ತಿ ಮರಳದಿರಬಹುದು. ವೈದ್ಯರ ಹತ್ತಿರ ಹೋಗುವಾಗ ಯಾವ ಬೆರಳು ಎಂದು ಗಮನಿಸಿಕೊಂಡು ಹೋಗಿ. ಕಿರುಬೆರಳು ಮತ್ತು ಅದರ ಪಕ್ಕದ ಅರ್ಧ ಬೆರಳು ಮಾತ್ರ ಮರಗಟ್ಟುತ್ತಿದ್ದರೆ ಅದು ಅಲ್ನಾರ್ ಎಂಬ ಬೇರೆ ನರ. ಮೊಣಕೈ ಬಾಗಿಲಿಗೆ ತಾಗಿದಾಗ ಬೆರಳ ತುದಿಯವರೆಗೆ ಮಿಂಚು ಹೊಡೆದಂತಾಗುತ್ತದಲ್ಲ, ಅದೇ. ಅದು ಒತ್ತಿಹೋಗುವುದು ಹೆಚ್ಚಾಗಿ ಮೊಣಕೈಯ ಹಿಂದೆ, ಮೂಳೆಯ ಸಂದಿಯಲ್ಲಿ.