ಕಿತ್ತೂರಿನ ತೊಟ್ಟಿ, ನಮ್ಮನಿ ಹಂಡೆ

ಈ ಸಲದ ಎಪಿಸೋಡು ನಮ್ಮನಿ ಬಚ್ಚಲಿನಿಂದಲೇ ಶುರು. ನಗಬ್ಯಾಡ್ರಿ, ಜಗಳ ದೊಡ್ಡದೇ ಇತ್ತು.

ನೇಸರಗಿಯಲ್ಲಿ ನಮ್ಮ ಹಳೇ ಮನೆ ಬಿಚ್ಚಿ ಹೊಸದು ಕಟ್ಟುತ್ತಿದ್ದೇವೆ. ಅಣ್ಣನಿಗೆ ಮೇಲಿನ ಮಹಡಿಯಲ್ಲಿ ಬಾತ್‌ಟಬ್ ಬೇಕು. ರೊಕ್ಕ ಸಾಲಲಿಲ್ಲ. "ಆ ತಾಮ್ರದ ಹಂಡೆ ಗುಜರಿಗೆ ಹಾಕೂಣು" ಅಂದ. ಬಿ.ಕಾಂ. ಓದಿದ ನಾನು ತಾಮ್ರದ ಕಿಲೋ ರೇಟು ನೋಡಿ ಹೂಂ ಅಂದೆ. ಆಯಿ ಏನೂ ಅನ್ನಲಿಲ್ಲ. ಅವತ್ತು ರಾತ್ರಿ ಊಟಾ ಮಾಡಲಿಲ್ಲ, ಅಷ್ಟೇ.

ಟಬ್ಬು ಯಾವುದರದ್ದು ಇರಬೇಕು ಅಂತ ಹುಡುಕುತ್ತಾ ಹೋದವನಿಗೆ ಇತಿಹಾಸವೇ ಸಿಕ್ಕಿತು. ಮೊಹೆಂಜೊದಾರೊದಲ್ಲಿ ಸುಮಾರು 4,500 ವರ್ಷದ ಹಿಂದೆ 12 ಮೀಟರ್ ಉದ್ದ, 7 ಮೀಟರ್ ಅಗಲ, 2.4 ಮೀಟರ್ ಆಳದ ಸ್ನಾನದ ಕೊಳ ಕಟ್ಟಿದ್ದರು. ಸುಟ್ಟ ಇಟ್ಟಂಗಿ, ನೀರು ಸೋರಬಾರದೆಂದು ನೈಸರ್ಗಿಕ ಡಾಂಬರು. 1883ರಲ್ಲಿ ಅಮೆರಿಕದ ಜಾನ್ ಮೈಕಲ್ ಕೋಹ್ಲರ್ ಎಂಬಾತ ಕುದುರೆಗಳು ನೀರು ಕುಡಿಯುವ, ಹಂದಿಯನ್ನು ಸುಡುನೀರಲ್ಲಿ ಅದ್ದುವ ಬೀಡುಕಬ್ಬಿಣದ ದೋಣಿಗೆ ಎನಾಮೆಲ್ ಬಳಿದು, ನಾಲ್ಕು ಕಾಲು ಹಚ್ಚಿ, ಬಾತ್‌ಟಬ್ ಅಂತ ಮಾರಿದ. ಮೊದಲ ಗಿರಾಕಿ ಕೊಟ್ಟದ್ದು ಒಂದು ಆಕಳು, 14 ಕೋಳಿ ಎಂದು ಆ ಕಂಪನಿಯೇ ಹೇಳಿಕೊಳ್ಳುತ್ತದೆ. ನಮ್ಮ ಹಿತ್ತಲಿನ ಕಲ್ಲಿನ ದೋಣಿ ನೆನಪಾಗಿ ನಕ್ಕೆ.

ಇನ್ನು ನಮ್ಮ ಕಡೆಯದು. ಬೈಲಹೊಂಗಲ ದಾಟಿ ಕಿತ್ತೂರಿಗೆ ಹೋದೆ. ಕೋಟೆಯೊಳಗೆ ಹಾಳಾದ ಅರಮನೆಯಲ್ಲಿ ಸ್ನಾನದ ಕೋಣೆಗಳಿವೆ, ನೆಲಕ್ಕೇ ಸೇರಿಸಿ ಕಟ್ಟಿದ ತೊಟ್ಟಿಗಳಿವೆ. ಸೆಲ್ಫಿ ತೆಗೆದುಕೊಂಡು ಮುಂದೆ ಹೋಗುವ ಜಾಗ ಅದು. ನಾನೂ ಹಿಂದೆ ಹಾಗೇ ಹೋಗಿದ್ದೆ. ಈ ಸಲ ನಿಂತು ನೋಡಿದೆ. 1824ರ ಅಕ್ಟೋಬರ್ 23ರಂದು ಇದೇ ಕೋಟೆಯ ಮುಂದೆ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬ್ರಿಟಿಷರ ಕೈಗೆ ಹೋಯಿತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡಳು. ಅರಮನೆಯ ಮೇಲೆ ಈಗ ಮಾಳಿಗೆಯಿಲ್ಲ. ಕಲ್ಲು, ಇಟ್ಟಂಗಿ, ಗಾರೆ ಉಳಿದಿವೆ. ಹೊತ್ತುಕೊಂಡು ಹೋಗಿ ಮಾರಲು ಬಾರದ್ದು ಮಾತ್ರ ಉಳಿಯುತ್ತದೆ ಅನ್ನಿಸಿತು.

ಮನೆಗೆ ಬಂದು ಈ ಮಾತು ಆಯಿಗೆ ಹೇಳಿದೆ. ಆಗ ಬಾಯಿ ಬಿಟ್ಟಳು.

"ಎಪ್ಪತ್ತೆರಡರ ಬರದಾಗ ಈ ಹಂಡೆ ಒತ್ತಿ ಇಟ್ಟೀವಿ ತಮ್ಮಾ. ಅದರ ಮ್ಯಾಲ ಜ್ವಾಳಾ ತಂದು ನಿಮ್ಮಪ್ಪನ್ನ ಸಾಕೀವಿ. ಬಿಡಿಸಿಕೊಂಡು ಬರಾಕ ಮೂರು ವರ್ಷ ಹಿಡೀತು."

ನಾನು ಲೆಕ್ಕದ ಪುಸ್ತಕದಲ್ಲಿ ಸ್ಕ್ರ್ಯಾಪ್ ವ್ಯಾಲ್ಯೂ ಅಂತ ಬರೆಯುವುದನ್ನು ಆಯಿ ಬದುಕಿ ತೋರಿಸಿದ್ದಳು. ಬ್ಯಾಂಕಿನ ಮೆಟ್ಟಿಲು ಹತ್ತದ ಹೆಂಗಸಿಗೆ ಬಚ್ಚಲ ಹಂಡೆಯೇ ಡಿಪಾಸಿಟ್ಟು. ನೀರು ತುಂಬುವ ಹಬ್ಬಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಅದನ್ನು ಹೊಳೆಯಿಸುತ್ತಿದ್ದುದು ಬರೀ ಶಾಸ್ತ್ರಕ್ಕಲ್ಲ.

ಹಂಗಾದ್ರ ಟಬ್ಬು? ಲೆಕ್ಕ ಹಾಕಿದೆ, ನೀವೂ ಹಾಕಿ ನೋಡ್ರಿ. ಬೀಡುಕಬ್ಬಿಣ ಗಟ್ಟಿ, ಒಮ್ಮೆ ಕಾದರೆ ಬಿಸಿ ಹಿಡಿದಿಡುತ್ತದೆ. ಎನಾಮೆಲ್ ಎದ್ದರೆ ತುಕ್ಕು, ಮೇಲಾಗಿ ಭಾರೀ ತೂಕ. ನೀರು, ಮನುಷ್ಯ ಎಲ್ಲ ಸೇರಿದರೆ ಮೇಲಿನ ಸ್ಲ್ಯಾಬಿಗೆ ಇಂಜಿನಿಯರನ್ನು ಕೇಳಲೇಬೇಕು. ತಾಮ್ರ ಬೇಗ ಕಾಯುತ್ತದೆ, ಬೇಗ ಆರುತ್ತದೆ; ಒಲೆಯ ಮೇಲಿನ ಹಂಡೆಗೆ ಅದೇ ಗುಣ ಬೇಕು, ಟಬ್ಬಿಗಲ್ಲ. ಆಕ್ರಿಲಿಕ್ ಹಗುರ, ಮೈಗೆ ತಣ್ಣಗೆ ತಾಗುವುದಿಲ್ಲ; ಗೀರು ಬೀಳುತ್ತದೆ, ಕುದಿಯುವ ನೀರು ಸುರಿಯಬಾರದು. ಫೈಬರ್‌ಗ್ಲಾಸ್ ಅಗ್ಗ, ಬಣ್ಣ ಬೇಗ ಮಾಸುತ್ತದೆ.

ಮೇಲಿನ ಮಹಡಿಗೆ ಆಕ್ರಿಲಿಕ್ಕೇ ಸರಿ. ಆದರೆ 180 ಲೀಟರಿನ ಟಬ್ಬು ಅಂದರೆ 20 ಲೀಟರಿನ ಒಂಬತ್ತು ಬಕೀಟು, ಒಬ್ಬರ ಜಳಕಕ್ಕೆ. 25 ಡಿಗ್ರಿಯಿಂದ 40ಕ್ಕೆ ಕಾಯಿಸಲು ಮೂರು ಯೂನಿಟ್ ಕರೆಂಟು. ನಾವು ಆರು ಮಂದಿ: 54 ಬಕೀಟು. ನಮ್ಮ ಓಣಿಗೆ ನಳದ ನೀರು ದಿನಾ ಬರೂದಿಲ್ಲ. ಅರಮನೆಯಲ್ಲಾದರೆ ನೀರು ಹೊರಲು ಆಳುಗಳಿದ್ದರು. ನಮ್ಮನಿಯಲ್ಲಿ ಹೊರುವವರು ಅವ್ವ, ವೈನಿ. ಟಬ್ಬು ಯಾವುದರದ್ದು ಅನ್ನುವುದಕ್ಕಿಂತ ಮೊದಲು ಇದನ್ನ ಕೇಳಬೇಕಿತ್ತು.

ಅಣ್ಣ ಎರಡು ದಿನ ಮಾತಾಡಲಿಲ್ಲ. ಕೊನೆಗೆ ವೈನಿಯೇ, "ಮೊದಲ ನಳಾ ದಿನಾ ಬರಲಿ, ಆಮ್ಯಾಲ ನೋಡೂಣ್ರಿ" ಅಂದಳು. ಟಬ್ಬಿನ ಜಾಗ ಖಾಲಿ ಬಿಟ್ಟಿದ್ದೇವೆ, ಪೈಪು ಎಳೆಸಿಟ್ಟಿದ್ದೇವೆ.

ಕೆಳಗಿನ ಬಚ್ಚಲಲ್ಲಿ ಹಂಡೆ ಕೂತಿದೆ. ನಿಮ್ಮನಿ ಹಂಡೆ ಎಲ್ಲಿದೆ? ಅಟ್ಟದ ಮೇಲಿದ್ದರೆ, ಮಾರೋಕೆ ಮುಂಚೆ ಆಯಿಯನ್ನ ಒಂದು ಮಾತು ಕೇಳ್ರಿ. ಫೋನ್ ರೆಕಾರ್ಡಿಂಗ್ ಆನ್ ಇರಲಿ. ಮುಂದಿನ ವಾರ ಸಿಗೋಣ್ರಿ.