ಅಡುಗೆಮನೆಯ ಆಹಾರದ ಅಪವ್ಯಯ ಮತ್ತು ಅದರ ತಡೆಯ ಇತಿಹಾಸ (ಮಯೂರ್ ವಿಹಾರ್, ದೆಹಲಿ)

ಉಣ್ಣಲೆಂದು ತಂದುದು ಅಥವಾ ಬೇಯಿಸಿದುದು ಮನುಷ್ಯನ ಉದರವನ್ನು ಸೇರದೆ ಮನೆಯಿಂದ ಹೊರಬೀಳುವುದನ್ನು ಗೃಹಾಹಾರದ ಅಪವ್ಯಯವೆನ್ನುತ್ತಾರೆ. ಕಣದಿಂದ ಅಂಗಡಿಯವರೆಗಿನ ದಾರಿಯಲ್ಲಿ ಆಗತಕ್ಕ ನಷ್ಟ ಬೇರೆ, ಅಡುಗೆಮನೆಯಲ್ಲಿ ಆಗತಕ್ಕ ಅಪವ್ಯಯ ಬೇರೆ. ಆದರೂ ಇವೆರಡನ್ನೂ ಒಂದೇ ಮೊರದಲ್ಲಿ ಹಾಕಿ ಕೇರಿ, ಭಾರತದಲ್ಲಿ ಬೆಳೆದ ಆಹಾರದ ಶೇಕಡ 40 ಭಾಗ ಹಾಳಾಗುತ್ತದೆಂಬ ಮಾತನ್ನು ಪತ್ರಿಕೆಗಳೂ ಭಾಷಣಕಾರರೂ ಬಹುಕಾಲದಿಂದ ಆವರ್ತಿಸುತ್ತ ಬಂದಿರುವುದರಿಂದ, ಈ ವಿಷಯದ ಇತಿಹಾಸವನ್ನು ಬರೆಯಹೊರಟವನು ಮೊದಲು ಆ ಗೊಂದಲವನ್ನು ಬಿಡಿಸಿಕೊಳ್ಳಬೇಕಾಗುತ್ತದೆ. ಲೂಧಿಯಾನದ ಕೇಂದ್ರೀಯ ಕೊಯ್ಲೋತ್ತರ ತಂತ್ರಜ್ಞಾನ ಸಂಸ್ಥೆಯ 2015ರ ಸಮೀಕ್ಷೆಯಲ್ಲಿ ಧಾನ್ಯಗಳ ನಷ್ಟವು ಶೇಕಡ 4.65ರಿಂದ 5.99, ಹಣ್ಣು ತರಕಾರಿಗಳದು ಶೇಕಡ 4.58ರಿಂದ 15.88 ಎಂದು ಕಂಡುಬರುತ್ತದೆ. ಅಡುಗೆಮನೆಯಾದರೋ ಆ ಸಮೀಕ್ಷೆಯ ಪರಿಧಿಗೆ ಬಂದುದೇ ಇಲ್ಲ.

ಅಡುಗೆಮನೆಯನ್ನು ಎಣಿಕೆಗೆ ತಂದದ್ದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ. ಅದರ 2021ರ ವರದಿಯು ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 50 ಕಿಲೋಗ್ರಾಂ ಎಂದೂ, 2024ರ ವರದಿಯು 55 ಕಿಲೋಗ್ರಾಂ ಎಂದೂ ಅಂದಾಜು ಮಾಡಿದೆ. ಎರಡನೆಯ ವರದಿಯಲ್ಲಿ ಲೋಕದ ಸರಾಸರಿ 79. ಮೊದಲ ಅಂಕಿಯು ಡೆಹರಾಡೂನ್ ಹಾಗೂ ಆಂಧ್ರದ ಒಂದು ಪಟ್ಟಣದಲ್ಲಿ ನಡೆದ ಸಣ್ಣ ಅಧ್ಯಯನಗಳ ಮೇಲೆ ನಿಂತಿತ್ತಾದುದರಿಂದ, ಮೂರು ವರ್ಷದಲ್ಲಿ ಐದು ಕಿಲೋ ಏರಿತೆಂದು ಯಾರಾದರೂ ನಿಟ್ಟುಸಿರಿಟ್ಟರೆ ಅದು ಅವಸರದ ನಿಟ್ಟುಸಿರೆನ್ನಬೇಕು. ಅಂಕಿಗಳಿಗಿಂತ ಗಮನಾರ್ಹವಾದುದು ಆ ವರದಿಗಳ ನಿರ್ವಚನ. ಭೂಭರ್ತಿ, ದಹನ, ಚರಂಡಿ, ಕಾಂಪೋಸ್ಟ್ ಇವುಗಳಿಗೆ ಹೋದುದೆಲ್ಲವೂ ಅಲ್ಲಿ ಅಪವ್ಯಯವೇ, ಅದು ಅನ್ನವಾಗಿರಲಿ ಸಿಪ್ಪೆಯಾಗಿರಲಿ. ಪಶುವಿನ ಬಾಯಿಗೆ ಹೋದುದಾದರೋ ಆ ಲೆಕ್ಕಕ್ಕೆ ಸೇರುವುದಿಲ್ಲ. ಎಂದರೆ, ಚೆಲ್ಲಿದ ವಸ್ತು ಯಾವುದೆಂಬುದಕ್ಕಿಂತ ಅದನ್ನು ಸ್ವೀಕರಿಸಿದವರು ಯಾರೆಂಬುದೇ ಇಲ್ಲಿ ನಿರ್ಣಾಯಕ.

ಹಿಂದಿನವರು ಏನನ್ನೂ ಕೆಡಿಸುತ್ತಿರಲಿಲ್ಲವೆಂಬ ಜನಪ್ರಿಯ ನಂಬಿಕೆಯನ್ನು ಈ ಬೆಳಕಿನಲ್ಲಿ ನೋಡುವುದು ಒಳ್ಳೆಯದು. ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥವು ಕೃಷಿ, ವೈದ್ಯ, ಜಲಶೋಧನೆಗಳ ಜೊತೆಗೆ ಪಾಕವನ್ನೂ ಶಾಸ್ತ್ರವಾಗಿ ಎಣಿಸಿತು, ಶರಣರ ಸಂಪ್ರದಾಯದಲ್ಲಿ ಪ್ರಸಾದದ ಒಂದು ಅಗುಳನ್ನೂ ಬಿಡಬಾರದೆಂಬ ನಿಷ್ಠೆ ಬೆಳೆಯಿತು. ಹೀರೆಕಾಯಿಯ ಸಿಪ್ಪೆ ಚಟ್ನಿಯಾಗುವುದು, ಹಲಸಿನ ಬೀಜ ಹುಳಿಗೆ ಬೀಳುವುದು, ರಾತ್ರಿಯ ತಂಗಳನ್ನ ಬೆಳಿಗ್ಗೆ ಚಿತ್ರಾನ್ನವಾಗುವುದು ಕನ್ನಡದ ಮನೆಗಳಿಗೆ ಹೊಸತಲ್ಲ. ಹೀಗೆ ಮಾಡಿಯೂ ಉಳಿದುದು ಕಲಗಚ್ಚಿನ ಬಾನಿಗೆ ಹೋಗಿ ಎಮ್ಮೆಯ ಪಾಲಾಗುತ್ತಿತ್ತು, ಅದನ್ನೂ ಮೀರಿದುದು ತಿಪ್ಪೆಗೆ. ಆದರೆ ಸ್ವೀಕರಿಸುವವರ ಸಾಲಿನಲ್ಲಿ ಎಮ್ಮೆಯ ಪಕ್ಕದಲ್ಲಿ ಮನುಷ್ಯರೂ ನಿಲ್ಲಬೇಕಾಗಿತ್ತೆಂಬುದನ್ನು ಹಳಮೆಯ ಗುಣಗಾನ ಮಾಡುವವರು ಸಾಮಾನ್ಯವಾಗಿ ಮರೆಯುತ್ತಾರೆ. 1927ರ ಮಹಾಡ್ ಪರಿಷತ್ತಿನಲ್ಲಿ ಅಂಬೇಡ್ಕರರು ತಮ್ಮವರಿಗೆ ಎಂಜಲನ್ನವನ್ನು ತ್ಯಜಿಸಿರೆಂದು ಹೇಳಬೇಕಾಯಿತು. ದೆಹಲಿಗೆ ದೂರವಲ್ಲದ ಮುಜಫ್ಫರ್‌ನಗರ ಜಿಲ್ಲೆಯ ಬಾಲ್ಯವನ್ನು ಕುರಿತು ಓಂಪ್ರಕಾಶ್ ವಾಲ್ಮೀಕಿಯವರು 1997ರಲ್ಲಿ ಪ್ರಕಟಿಸಿದ ಆತ್ಮಕಥೆಗೆ ‘ಜೂಠನ್’, ಅರ್ಥಾತ್ ಎಂಜಲು, ಎಂದೇ ಹೆಸರು. ಅಪವ್ಯಯವಿಲ್ಲದ ಆ ವ್ಯವಸ್ಥೆಯ ಬೆಲೆಯನ್ನು ತೆತ್ತವರು ಎಂಜಲುಣ್ಣಬೇಕಾಗಿದ್ದ ಈ ಜನ.

ಸ್ವಾತಂತ್ರ್ಯದ ಆಸುಪಾಸಿನ ಕಾಲವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಯುದ್ಧಕಾಲದ ಪಡಿತರ, ಸ್ವಾತಂತ್ರ್ಯದ ನಂತರ ಅಕ್ಕಿ ಗೋಧಿಗಳಿಲ್ಲದ ಊಟವನ್ನು ರೂಢಿಸಲೆಂದು ತೆರೆದ ‘ಅನ್ನಪೂರ್ಣಾ’ ಭೋಜನಶಾಲೆಗಳು, ವಿವಾಹಗಳಲ್ಲಿ ಇಷ್ಟೇ ಮಂದಿಗೆ ಬಡಿಸತಕ್ಕದ್ದೆಂಬ ಅತಿಥಿ ನಿಯಂತ್ರಣದ ಆಜ್ಞೆಗಳು, 1965ರಲ್ಲಿ ಸೋಮವಾರ ರಾತ್ರಿಯ ಊಟವನ್ನು ಬಿಡಿರೆಂದು ಲಾಲ್ ಬಹಾದುರ್ ಶಾಸ್ತ್ರಿಗಳು ಮಾಡಿದ ಪ್ರಾರ್ಥನೆ: ಇವೆಲ್ಲ ಅಭಾವವು ಕಲಿಸಿದ ಮಿತವ್ಯಯ. ಕಸವನ್ನು ಎಲ್ಲಿ ಹಾಕುವುದೆಂಬ ಚಿಂತೆ ಆಗ ಯಾರನ್ನೂ ಬಾಧಿಸಿರಲಿಲ್ಲ.

ಆ ಚಿಂತೆ ಮಯೂರ್ ವಿಹಾರದಂಥ ಬಡಾವಣೆಗಳೊಡನೆಯೇ ಹುಟ್ಟಿತು. ಯಮುನೆಯ ಪೂರ್ವತೀರದಲ್ಲಿ, ತ್ರಿಲೋಕಪುರಿಯ ಪುನರ್ವಸತಿ ಕಾಲೊನಿಯ ಮಗ್ಗುಲಲ್ಲಿ, ದೆಹಲಿ ಅಭಿವೃದ್ಧಿ ಪ್ರಾಧಿಕಾರದ ಫ್ಲಾಟುಗಳೂ ಸಹಕಾರಿ ಗೃಹನಿರ್ಮಾಣ ಸಂಘಗಳ ಕಟ್ಟಡಗಳೂ ಎದ್ದು, ದಕ್ಷಿಣದೇಶದ ಎಷ್ಟೋ ಸಂಸಾರಗಳು ಅಲ್ಲಿ ನೆಲೆಗೊಂಡ ಆ ದಶಕದಲ್ಲಿಯೇ, 1984ರಲ್ಲಿ, ಹತ್ತಿರದ ಗಾಜೀಪುರದಲ್ಲಿ ನಗರದ ಕಸವನ್ನು ಸುರಿಯತೊಡಗಿದರು. ಎರಡನೆಯ ಮಹಡಿಯ ಅಡುಗೆಮನೆಗೆ ಬಾನಿಯಿಲ್ಲ, ಎಮ್ಮೆಯಿಲ್ಲ, ಹಿತ್ತಿಲಿಲ್ಲ. ಇರುವುದು ಫ್ರಿಜ್ ಒಂದೇ, ಅದು ಉಳಿದುದನ್ನು ಉಳಿಸುವುದಕ್ಕಿಂತ ಎಸೆಯುವ ದಿನವನ್ನು ಮುಂದೂಡುವುದರಲ್ಲಿ ನಿಪುಣವಾದ ಯಂತ್ರ. ತ್ರಿಲೋಕಪುರಿಯಿಂದ ಮನೆಗೆಲಸಕ್ಕೆ ಬರುವವಳ ಕೈಗೆ ನಿನ್ನೆಯ ಪಲ್ಯದ ಡಬ್ಬಿಯನ್ನು ಕೊಡುವ ವಾಡಿಕೆಯಲ್ಲಿ ಸ್ವೀಕರಿಸುವವರ ಹಳೆಯ ಸಾಲು ಕಿಂಚಿತ್ ಮುಂದುವರಿದುದೂ ಉಂಟು. ಅದು ದಾನವೋ ಎಂಜಲೋ ಎಂಬುದು ಕೊಡುವ ರೀತಿಯನ್ನು ಅವಲಂಬಿಸಿದೆ. ತರಕಾರಿ, ಮೀನು, ಕೋಳಿಗಳ ಸಗಟು ಮಂಡಿಗಳು ಗಾಜೀಪುರದಲ್ಲಿಯೇ ಇರುವುದರಿಂದ, ಅಲ್ಲಿಂದ ಬಂದ ಕೊತ್ತಂಬರಿಯ ಕಟ್ಟು ಫ್ರಿಜ್ಜಿನ ತಳದಲ್ಲಿ ನಾಲ್ಕು ದಿನ ಬಾಡಿ, ಕಸದ ಗಾಡಿಯನ್ನೇರಿ ಪುನಃ ಗಾಜೀಪುರಕ್ಕೇ ಮರಳುವ ವಿಚಿತ್ರ ಇಲ್ಲಿ ನಿತ್ಯದ ಸಂಗತಿ.

2002ರಲ್ಲಿಯೇ ತುಂಬಿತೆಂದು ಎಣಿಸಲಾದ ಗಾಜೀಪುರದ ಕಸದ ಗುಡ್ಡಕ್ಕೆ ಸುರಿಯುವುದು ನಿಲ್ಲಲಿಲ್ಲ. 2019ರ ವೇಳೆಗೆ ಅದರ ಎತ್ತರ 65 ಮೀಟರ್ ಎಂದು ವರದಿಯಾಯಿತು. ಕುತುಬ್ ಮಿನಾರಿನದು 73. 2017ರ ಸೆಪ್ಟೆಂಬರ್ 1ರಂದು ಅದರ ಒಂದು ಭಾಗ ಕುಸಿದು, ದಾರಿಯಲ್ಲಿದ್ದ ವಾಹನಗಳನ್ನು ಕೊಂಡ್ಲಿಯ ಕಾಲುವೆಗೆ ತಳ್ಳಿ, ಇಬ್ಬರ ಪ್ರಾಣವನ್ನು ತೆಗೆದುಕೊಂಡಿತು. ಕಸವನ್ನು ದೆಹಲಿಯ ಇನ್ನೊಂದು ಕಡೆಯ ರಾಣೀಖೇಡಕ್ಕೆ ಸಾಗಿಸಬೇಕೆಂದು ಆಜ್ಞೆಯಾಯಿತು, ಅಲ್ಲಿಯ ಜನ ಅಡ್ಡನಿಂತರು, ಗಾಡಿಗಳು ಗಾಜೀಪುರಕ್ಕೆ ಹಿಂತಿರುಗಿದವು. 2022ರ ಮಾರ್ಚ್‌ನಲ್ಲಿಯೂ 2024ರ ಏಪ್ರಿಲ್‌ನಲ್ಲಿಯೂ ಗುಡ್ಡ ಹೊತ್ತಿ ಉರಿಯಿತು. ಗಾಳಿಯಿಲ್ಲದೆ ಕೊಳೆಯುವ ಅನ್ನ, ಸಿಪ್ಪೆ, ಹಣ್ಣುಗಳಿಂದ ಹುಟ್ಟುವ ಮೀಥೇನ್ ಅನಿಲವೇ ಇಂಥ ಬೆಂಕಿಗೆ ಮುಖ್ಯ ಇಂಧನ.

ಕಾಯಿದೆಯ ಹಾದಿ ತೆರೆದುದು ಬೆಂಗಳೂರಿನ ಅಲ್ಮಿತ್ರಾ ಪಟೇಲರು 1996ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯಿಂದ. ಅದರ ಫಲವಾಗಿ 2000ದಲ್ಲಿ ಪುರಸಭಾ ಘನತ್ಯಾಜ್ಯದ ನಿಯಮಗಳು, ಅವುಗಳ ಸ್ಥಾನದಲ್ಲಿ 2016ರ ನಿಯಮಗಳು ಬಂದವು: ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸ ಎಂದು ಮನೆಯಲ್ಲಿಯೇ ಬೇರ್ಪಡಿಸತಕ್ಕದ್ದು, ದಿನಕ್ಕೆ ಸರಾಸರಿ 100 ಕಿಲೋಗ್ರಾಂ ಮೀರಿ ಕಸ ಹೊರಡಿಸುವವರು ಭಾರಿ ಉತ್ಪಾದಕರು, 5000 ಚದರ ಮೀಟರ್ ಮೀರಿದ ಗೇಟುಳ್ಳ ವಸತಿಗಳು ಹಸಿ ಕಸವನ್ನು ಸಾಧ್ಯವಾದಷ್ಟೂ ತಮ್ಮ ಆವರಣದಲ್ಲಿಯೇ ಸಂಸ್ಕರಿಸತಕ್ಕದ್ದು. ಮಯೂರ್ ವಿಹಾರದ ಸಂಘಗಳಿಗೆ ಕಾಂಪೋಸ್ಟಿನ ಪ್ರಶ್ನೆ ಎದುರಾದುದು ಈ ವಿಧಿಗಳಿಂದ. ಇದರಲ್ಲಿ ಬೆಂಗಳೂರು ಒಂದು ಹೆಜ್ಜೆ ಮುಂದಿತ್ತು: ಒಂದರ ಮೇಲೊಂದು ಕೂರುವ ಮಣ್ಣಿನ ಕಾಂಪೋಸ್ಟ್ ಮಡಕೆಗಳನ್ನು ಪ್ರಚಾರಕ್ಕೆ ತಂದ ‘ಡೈಲಿ ಡಂಪ್’ 2006ರಲ್ಲಿ ಅಲ್ಲಿ ಆರಂಭವಾಯಿತು, ‘ಎರಡು ಡಬ್ಬಿ, ಒಂದು ಚೀಲ’ದಲ್ಲಿ ಕಸ ಬೇರ್ಪಡಿಸುವ ಕ್ರಮವನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2015ರ ಡಿಸೆಂಬರ್‌ನಲ್ಲಿ ಕಡ್ಡಾಯಗೊಳಿಸಿತು.

ಈಚಿನ ಬರಹಗಳು ಮಡಕೆಯ ಕಾಂಪೋಸ್ಟನ್ನೇ ಅಪವ್ಯಯದ ತಡೆಯೆಂದು ಕೊಂಡಾಡುತ್ತವೆ. ಇದು ಈ ವಿಷಯದ ಎರಡನೆಯ ಗೊಂದಲ. ಕಾಂಪೋಸ್ಟ್ ಗುಡ್ಡವನ್ನು ತಗ್ಗಿಸುತ್ತದೆ, ನಿಜ. ಆದರೆ ಮೇಲೆ ಹೇಳಿದ ನಿರ್ವಚನದಂತೆ ಬಾಲ್ಕನಿಯ ಮಡಕೆಗೆ ಬಿದ್ದ ಅನ್ನವೂ ಅಪವ್ಯಯವಾದ ಅನ್ನವೇ, ಅದನ್ನು ಬೆಳೆಯಲು ವೆಚ್ಚವಾದ ನೀರು ಹಿಂದಕ್ಕೆ ಬರುವುದಿಲ್ಲ. ಎರಡು ಪಾವಿಗೆ ಬದಲು ಒಂದೂವರೆ ಪಾವು ಅಕ್ಕಿಯನ್ನು ಅಳೆಯುವುದೂ, ಫ್ರಿಜ್ಜನ್ನು ತೆರೆದು ನೋಡಿದ ಮೇಲೆ ಮಂಡಿಗೆ ಹೊರಡುವುದೂ ನಿಜವಾದ ತಡೆ. ಇವು ಕಾಯಿದೆಯ ಕಣ್ಣಿಗೆ ಬೀಳುವಂಥವಲ್ಲ. ಹಸಿ ಒಣ ಬೇರೆಯಾಗಿದೆಯೇ ಎಂದು 2016ರ ನಿಯಮವು ಪ್ರತಿ ಮನೆಯನ್ನೂ ಕೇಳಿತು. ತೂಕದ ಪ್ರಶ್ನೆ ಎದ್ದುದು 100 ಕಿಲೋವನ್ನು ಮೀರಿದ ಸಂಘದ ಗೇಟಿನಲ್ಲಿ ಮಾತ್ರ.