ಮುಸಾಫರಿ ಬಂಗಲೆಗೆ ಸೂತಕವಿಲ್ಲ

"ಆ ರೂಮು ಬ್ಯಾಡ ಸಾರ್, ಈ ಕಡೇದು ತಗಳಿ" ಎಂದರು ಬಂಗಲೆ ನೋಡಿಕೊಳ್ಳುವ ಮೇಟಿ.

1979ರ ಆಷಾಢ. ಶರಾವತಿ ಕಣಿವೆಯ ಬ್ರಾಂಚ್ ಪೋಸ್ಟ್ ಆಫೀಸುಗಳ ತಪಾಸಣೆಗೆ ಹೊರಟಿದ್ದ ನಾನು ಮಳೆಗೆ ಸಿಕ್ಕಿ, ರಾತ್ರಿ ಎಂಟರ ಹೊತ್ತಿಗೆ ಊರಾಚೆಯ ಮುಸಾಫರಿ ಬಂಗಲೆ ಮುಟ್ಟಿದ್ದೆ. ಎರಡೇ ಕೋಣೆ, ನಡುವೆ ಊಟದ ಹಜಾರ, ಸುತ್ತ ಜಗಲಿ, ಮೇಲೆ ಮಂಗಳೂರು ಹೆಂಚು. ಕರೆಂಟು ಹೋಗಿತ್ತು. ಎಡಗಡೆಯ ಕೋಣೆಯ ಬಾಗಿಲ ಸಂದಿಯಲ್ಲಿ ಮಾತ್ರ ಸಣ್ಣಗೆ ಬೆಳಕು. ಒಳಗೆ ಯಾರಿದ್ದಾರೆ ಅಂತ ಕೇಳಿದೆ.

"ಯಾರೂ ಇಲ್ಲ ಸಾರ್. ಇವತ್ತು ಅಮಾಸೆ. ದೀಪ ಇಟ್ಟೀನಿ."

ಗಂಜಿ, ಉಪ್ಪಿನಕಾಯಿ, ಸುಟ್ಟ ಹಪ್ಪಳ ಬಡಿಸುತ್ತಾ ಕತೆ ಹೇಳಿದರು. ಜೋಗದಲ್ಲಿ ವಿದ್ಯುತ್ ಯೋಜನೆಯ ಕೆಲಸ ನಡೆಯುತ್ತಿದ್ದ 1940ರ ದಶಕದಲ್ಲಿ ಬಯಲುಸೀಮೆಯ ಓವರ್‌ಸಿಯರ್ ಒಬ್ಬರು ಬಂದು ಆ ಕೋಣೆಯಲ್ಲಿ ಇಳಿದಿದ್ದರು. ಮಲೆನಾಡಿನ ಚಳಿಜ್ವರ ಹತ್ತಿತು, ಏಳಲೇ ಇಲ್ಲ. ಆಗ ಮೇಟಿಯಾಗಿದ್ದವರು ಇವರ ತಂದೆ. ತಂತಿ ಹೊಡೆಸಿದರು. ಮನೆಯವರು ಬಂದಾಗ ನಾಲ್ಕು ದಿನ ಆಗಿತ್ತು, ಮಣ್ಣು ಮಾಡಿಯೂ ಆಗಿತ್ತು. ಅವತ್ತಿನಿಂದ ಮಳೆಗಾಲದ ರಾತ್ರಿ ಜಗಲಿಯ ಮೇಲೆ ಬೂಟಿನ ಸದ್ದು ಕೇಳುತ್ತದೆ ಎನ್ನುವುದು ಊರಿನ ಮಾತು. ಆ ಸದ್ದಿಗೆ ಹೆದರಿ ದೀಪ ಇಡುತ್ತೀರಾ ಎಂದೆ. ಮೇಟಿ ನನ್ನ ಮುಖವನ್ನೇ ನೋಡಿದರು. "ಹೆದ್ರಿಕೆ ಯಾಕೆ ಸಾರ್? ಅವ್ರಿಗೆ ಇಲ್ಲಿ ತಮ್ಮೋರು ಅಂತ ಯಾರೂ ಇರ್ಲಿಲ್ಲ ನೋಡಿ."

ನಾನು ಬಲಗಡೆಯ ಕೋಣೆಯಲ್ಲಿ ಮಲಗಿದೆ. ಮಳೆಯ ಸದ್ದು ಬಿಟ್ಟು ಇನ್ನೇನೂ ಕೇಳಲಿಲ್ಲ. ಆದರೆ ಆ ಮಾತು ಜೊತೆಗೇ ಬಂತು. ಮುಂದೆ ದೆವ್ವದ ಹೆಸರು ಹೊತ್ತ ಹಳೆಯ ತಂಗುಮನೆ ಎಲ್ಲಿದೆ ಎಂದು ಗೊತ್ತಾದರೂ ರಜೆ ಹಾಕಿ ಹೋಗಿ ಒಂದು ರಾತ್ರಿ ಇದ್ದು ಬರುವುದು ನನ್ನ ರೂಢಿಯಾಯಿತು.

ಅಂಚೆಯವನಿಗೆ ಈ ಬಂಗಲೆಗಳ ಮೇಲೆ ಬೇರೆಯೇ ಒಂದು ಸಲಿಗೆ. ಇವುಗಳ ಹಳೆಯ ಹೆಸರು ಡಾಕ್ ಬಂಗಲೆ. ಡಾಕ್ ಎಂದರೆ ಟಪಾಲು. ಅದಕ್ಕೂ ಮೊದಲಿನ ಅರ್ಥ, ದಾರಿಯುದ್ದಕ್ಕೂ ಆಳು ಕುದುರೆ ಬದಲಾಯಿಸುತ್ತಾ ಸಾಗುವ ಏರ್ಪಾಟು. ರೈಲು ಇಲ್ಲದ ಕಾಲದಲ್ಲಿ ದೂರ ಹೋಗಬೇಕಾದವರು ಮೊದಲು ಕಾಣಬೇಕಾಗಿದ್ದದ್ದು ಪೋಸ್ಟ್‌ಮಾಸ್ತರರನ್ನು. ಅವರು ಮುಂದಿನ ಠಾಣೆಗಳಿಗೆ ಹೇಳಿಕಳಿಸಿ ಪಲ್ಲಕ್ಕಿ ಹೊರುವವರನ್ನು, ಪಂಜು ಹಿಡಿಯುವವನನ್ನು ಗೊತ್ತುಮಾಡಬೇಕು. ಪತ್ರ ಹೋಗುವ ದಾರಿಯಲ್ಲೇ ಮನುಷ್ಯರೂ ಹೋಗುತ್ತಿದ್ದರು. ನಮ್ಮಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಟಪಾಲಿನೊಳಗೆ ಸೇರಿಹೋಯಿತು. ನಾನು ಸಂಬಳ ತಿಂದದ್ದು ಆ ಎರಡೂ ಕೂಡಿದ ಇಲಾಖೆಯಲ್ಲಿ.

1840ರ ದಶಕದಿಂದ ಹೆದ್ದಾರಿಗಳ ಮೇಲೆ ಹತ್ತು ಹದಿನೈದು ಮೈಲಿಗೊಂದರಂತೆ ಸರ್ಕಾರಿ ಬಂಗಲೆಗಳು ಎದ್ದವು. ಒಂದು ಮಂಚ, ಒಂದು ಮೇಜು, ಒಂದೆರಡು ಕುರ್ಚಿ, ಪಕ್ಕದಲ್ಲೇ ಬಚ್ಚಲು. ದಿನಕ್ಕೆ ಒಂದು ರೂಪಾಯಿ ಬಾಡಿಗೆ. ಇಪ್ಪತ್ನಾಲ್ಕು ಗಂಟೆ ಮುಗಿದ ಮೇಲೆ ಹೊಸ ಪ್ರಯಾಣಿಕ ಬಂದು ನಿಂತರೆ ಹಳಬ ಕೋಣೆ ಬಿಟ್ಟುಕೊಡಬೇಕು. ಹೋಗುವಾಗ ಪುಸ್ತಕದಲ್ಲಿ ಹೆಸರು, ಕೊಟ್ಟ ದುಡ್ಡು, ದೂರಿದ್ದರೆ ದೂರು. ಅಡಿಗೆಗೆ ಒಬ್ಬ ಖಾನಸಾಮಾ. ದೂರದಲ್ಲಿ ಧೂಳೆದ್ದದ್ದು ಕಂಡರೆ ಹಿತ್ತಲಿನ ಕೋಳಿಯನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು, ಅತಿಥಿ ಕೈಕಾಲು ತೊಳೆಯುವಷ್ಟರಲ್ಲಿ ಮೇಜಿಗೆ ತರುತ್ತಿದ್ದ. ಆ ಕೋಳಿಗೆ ಸಾಹೇಬರು ಇಟ್ಟ ಅಡ್ಡಹೆಸರು 'ಹಠಾತ್ ಮರಣ'. 1886ರ 'ಹಾಬ್ಸನ್-ಜಾಬ್ಸನ್' ನಿಘಂಟಿನಲ್ಲಿ ಆ ಹೆಸರು ದಾಖಲಾಗಿದೆ. ಸಾವು ಆ ಬಂಗಲೆಗಳಲ್ಲಿ ಅಷ್ಟು ಬಳಕೆಯ ಮಾತಾಗಿತ್ತು. ಕಾಲರಾ, ಚಳಿಜ್ವರ, ಬಿಸಿಲಿನ ಹೊಡೆತ ಇವುಗಳಲ್ಲಿ ಯಾವುದೋ ಒಂದಕ್ಕೆ ಸಿಕ್ಕವರು ಮುಂದಿನ ಠಾಣೆ ಕಾಣಲೇ ಇಲ್ಲ. ಕೆಲವು ಕಡೆ ಬಂಗಲೆಯ ಹಿತ್ತಲಲ್ಲೇ ಗೋರಿಗಳಿದ್ದವು.

ಡಾಕ್ ಬಂಗಲೆಯ ದೆವ್ವವನ್ನು ಲೋಕಕ್ಕೆ ಪರಿಚಯಿಸಿದ್ದು ರಡ್ಯಾರ್ಡ್ ಕಿಪ್ಲಿಂಗ್, 1888ರ ಒಂದು ಕತೆಯಲ್ಲಿ. ಹಾಳುಬಿದ್ದ ಬಂಗಲೆಯಲ್ಲಿ ತಂಗಿದವನಿಗೆ ರಾತ್ರಿಯಿಡೀ ಪಕ್ಕದ ಕೋಣೆಯಲ್ಲಿ ಬಿಲಿಯರ್ಡ್ಸ್ ಆಡುವ ಸದ್ದು. ಆ ಕೋಣೆಯಲ್ಲಿ ಬಿಲಿಯರ್ಡ್ಸ್ ಮೇಜು ಹಿಡಿಸುವಷ್ಟು ಜಾಗವೇ ಇಲ್ಲ. ಬೆಳಿಗ್ಗೆ ಖಾನಸಾಮಾ ಹೇಳುತ್ತಾನೆ: ರೈಲು ಹಾದಿ ಹಾಕಲು ಬಂದಿದ್ದ ಸಾಹೇಬರ ಕಾಲದಲ್ಲಿ ಈ ಕೋಣೆಗಳೆಲ್ಲ ಸೇರಿ ಒಂದೇ ಬಿಲಿಯರ್ಡ್ಸ್ ಹಜಾರವಾಗಿತ್ತು, ಒಬ್ಬ ಸಾಹೇಬ ಆಡುತ್ತಾ ಆಡುತ್ತಾ ಮೇಜಿನ ಮೇಲೇ ಸತ್ತ. ಕೊನೆಗೆ ಸದ್ದು ಮಾಡುತ್ತಿದ್ದದ್ದು ಓಡಾಡುವ ಇಲಿ, ಗಾಳಿಗೆ ಬಡಿಯುವ ಕಿಟಕಿ ಎಂದು ಗೊತ್ತಾಗುತ್ತದೆ. ಓದುವವರೆಲ್ಲ ಇಲಿಯನ್ನು ನೆನಪಿಡುತ್ತಾರೆ. ನನ್ನ ಮನಸ್ಸು ಹಿಡಿದದ್ದು ಖಾನಸಾಮಾನನ್ನು. ಸತ್ತ ಆ ಸಾಹೇಬನ ನೆನಪು ಭೂಮಿಯ ಮೇಲೆ ಎಲ್ಲಾದರೂ ಉಳಿದಿದ್ದರೆ ಅದು ಆ ಮುದುಕನ ತಲೆಯಲ್ಲಿ.

ಮನೆಯಲ್ಲಿ ಸಾವಾದರೆ ಸೂತಕ ಉಂಟು. ಒಲೆ ಆರುತ್ತದೆ, ಬಂಧುಗಳು ಸೇರುತ್ತಾರೆ, ಹತ್ತು ಹನ್ನೊಂದು ದಿನ ಕಳೆದು ವೈಕುಂಠ ಸಮಾರಾಧನೆಯ ಹೊತ್ತಿಗೆ ಸತ್ತವರಿಗೂ ಇರುವವರಿಗೂ ಒಂದು ಬಿಡುಗಡೆ ಸಿಗುತ್ತದೆ. ತಂಗುಮನೆಗೆ ಸೂತಕವಿಲ್ಲ. ಹಾಸಿಗೆ ಬಿಸಿಲಿಗೆ ಹಾಕಿ, ಹೊದಿಕೆ ಬದಲಾಯಿಸಿ, ಸಂಜೆಗೆ ಇನ್ನೊಬ್ಬರಿಗೆ ಬೀಗದ ಕೈ ಕೊಡಬೇಕು. ಅಳುವವರಿಲ್ಲ, ಅಳಲು ಹೊತ್ತೂ ಇಲ್ಲ. ಹಾಗೆ ಮುಗಿಯದೆ ಉಳಿದ ಸೂತಕವನ್ನು ಮೇಟಿಗಳೂ ಖಾನಸಾಮಾಗಳೂ ಕೆಲಸದ ಆಳುಗಳೂ ಕತೆಯಾಗಿ ಹೊತ್ತುಕೊಂಡು ಬಂದಿದ್ದಾರೆ ಎಂದು ನನಗನ್ನಿಸುತ್ತದೆ. ದೆವ್ವ ಎನ್ನುವುದು ಅವರು ಅದಕ್ಕೆ ಕೊಟ್ಟ ಹೆಸರು.

ನಿವೃತ್ತಿಯ ನಂತರ ಮಗಳ ಜೊತೆ ಮಸ್ಸೂರಿಯ ಸವಾಯ್ ಹೋಟೆಲಿಗೆ ಹೋದೆ. ಮುಸಾಫರಿ ಬಂಗಲೆಗೂ ಅದಕ್ಕೂ ಅಜಗಜಾಂತರ. ಲಕ್ನೋದಲ್ಲಿ ಬ್ಯಾರಿಸ್ಟರ್ ಆಗಿದ್ದ ಸೆಸಿಲ್ ಲಿಂಕನ್ ಎಂಬ ಐರಿಷ್ ಮನುಷ್ಯ ಹಳೆಯ ಶಾಲೆಯೊಂದರ ಜಾಗ ಕೊಂಡು ಕಟ್ಟಿಸಿ 1902ರಲ್ಲಿ ತೆರೆದದ್ದು. ಅದಕ್ಕೆ ಎರಡು ವರ್ಷ ಹಿಂದಷ್ಟೇ ರೈಲು ಡೆಹ್ರಾಡೂನಿಗೆ ಬಂದಿತ್ತು. ಅಲ್ಲಿಂದ ಮೇಲಕ್ಕೆ ಪಿಯಾನೊ, ಬಿಲಿಯರ್ಡ್ಸ್ ಮೇಜು ಎಲ್ಲವೂ ಎತ್ತಿನ ಗಾಡಿಯಲ್ಲೇ ಹತ್ತಿದವು. 1905ರ ಕಾಂಗ್ಡಾ ಭೂಕಂಪಕ್ಕೆ ಕಟ್ಟಡ ಜಖಂಗೊಂಡು, ರಿಪೇರಿ ಮುಗಿಸಿ 1907ರಲ್ಲಿ ಮತ್ತೆ ಬಾಗಿಲು ತೆರೆಯಿತು. ವಿದ್ಯುದ್ದೀಪ ಬಂದದ್ದು 1909ರಲ್ಲಿ. ಮರದ ಉದ್ದನೆಯ ಓಣಿಗಳು, ಚೂಪು ಕಮಾನಿನ ಕಿಟಕಿಗಳು. ಸಂಜೆ ಕಣಿವೆಯಿಂದ ಮಂಜು ಮೇಲೆ ಬಂದಾಗ ಎದುರಿನ ಗೋಪುರವೂ ಕಾಣುವುದಿಲ್ಲ.

ಅಲ್ಲಿನ ದೆವ್ವಕ್ಕೆ ಹೆಸರಿದೆ, ತಾರೀಖಿದೆ, ಕೋರ್ಟಿನ ಕಡತವೂ ಇದೆ. ಫ್ರಾನ್ಸಿಸ್ ಗಾರ್ನೆಟ್-ಓರ್ಮ್, ವಯಸ್ಸು 49. ಮದುವೆಯಾಗಬೇಕಿದ್ದ ಗಂಡು ಮೊದಲೇ ತೀರಿಕೊಂಡಿದ್ದ. ಸತ್ತವರೊಡನೆ ಮಾತಾಡಬಹುದು ಎಂಬ ನಂಬಿಕೆ ಆಗ ಯುರೋಪಿಯನ್ನರಲ್ಲಿ ಜೋರಾಗಿತ್ತು, ಫ್ರಾನ್ಸಿಸ್ ಅದಕ್ಕೆ ಪೂರ್ತಿ ಒಪ್ಪಿಸಿಕೊಂಡಿದ್ದಳು. ಲಕ್ನೋದ ಗೆಳತಿ ಈವಾ ಮೌಂಟ್‌ಸ್ಟೀಫನ್‌ಗೂ ಅದೇ ಒಲವು. 1911ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿಸ್ ತನ್ನ ಕೋಣೆಯಲ್ಲಿ ಸತ್ತುಬಿದ್ದಿದ್ದಳು. ಹೊಟ್ಟೆಯಲ್ಲಿ ಸಿಕ್ಕಿದ್ದು ಪ್ರಸಿಕ್ ಆಮ್ಲ, ಅಂದರೆ ಸಯನೈಡ್ ವಿಷ. ಈವಾ ಆ ಹೊತ್ತಿಗೆ ಲಕ್ನೋಗೆ ಮರಳಿದ್ದಳು. ಉಯಿಲಿನಲ್ಲಿ ಅವಳ ಹೆಸರಿದ್ದುದರಿಂದ ಅನುಮಾನ ಅವಳ ಮೇಲೇ ತಿರುಗಿತು. ಔಷಧಿಯ ಬಾಟಲಿಯಲ್ಲಿ ಮೊದಲೇ ವಿಷ ಬೆರೆಸಿ ಹೋಗಿದ್ದಾಳೆ ಎನ್ನುವುದು ಸರ್ಕಾರದ ಪರ ವಾದ. 1912ರಲ್ಲಿ ಅಲಹಾಬಾದ್ ಹೈಕೋರ್ಟಿನಲ್ಲಿ ವಿಚಾರಣೆ ನಡೆದು ಬಿಡುಗಡೆಯಾದಳು. ಇನ್ನಾರಿಗೂ ಶಿಕ್ಷೆಯಾಗಲಿಲ್ಲ. ಅಗಾಥಾ ಕ್ರಿಸ್ಟಿ 1920ರಲ್ಲಿ ಹೊರತಂದ ಮೊದಲ ಪತ್ತೇದಾರಿ ಕಾದಂಬರಿಗೆ ಈ ಮೊಕದ್ದಮೆಯೇ ಬೀಜ ಎಂದು ಬಹಳ ಜನ ಬರೆದಿದ್ದಾರೆ. ಅದರಲ್ಲೂ ಕೊಂದವರು ದೂರವಿದ್ದಾಗ ಕೆಲಸ ಮಾಡುವ ವಿಷವಿದೆ.

ಸವಾಯ್‌ಗೆ ಬರುವವರೆಲ್ಲ ಕೇಳುವುದು ಒಂದೇ: ಆ ಮೇಡಂ ಸತ್ತ ಕೋಣೆ ಯಾವುದು? ಅದೇ ಹೋಟೆಲಿನಲ್ಲಿ 1920ರಲ್ಲಿ ಜವಾಹರಲಾಲ್ ನೆಹರೂ, ಕಾಯಿಲೆಯಲ್ಲಿದ್ದ ತಾಯಿ ಮತ್ತು ಹೆಂಡತಿಯೊಡನೆ ತಂಗಿದ್ದರು. ಬ್ರಿಟಿಷರ ಜೊತೆ ಮಾತುಕತೆಗೆ ಬಂದಿದ್ದ ಆಫ್ಘನ್ ನಿಯೋಗವೂ ಅಲ್ಲೇ ಇಳಿದಿತ್ತು. ಅವರ ಸಂಪರ್ಕ ಮಾಡುವುದಿಲ್ಲ ಎಂದು ಬರೆದುಕೊಡಿ ಎಂದರು ಪೊಲೀಸರು. ನೆಹರೂ ಒಪ್ಪಲಿಲ್ಲ, ಊರು ಬಿಡಬೇಕಾಯಿತು. ಅಲಹಾಬಾದಿಗೆ ಹಿಂತಿರುಗಿದ ಆ ದಿನಗಳಲ್ಲೇ ಅವಧ್‌ನ ರೈತರು ಅವರನ್ನು ಕಂಡು ತಮ್ಮ ಹಳ್ಳಿಗಳಿಗೆ ಕರೆದೊಯ್ದದ್ದು. ಇಷ್ಟು ದೊಡ್ಡ ಸಂಗತಿಯನ್ನು ಯಾರೂ ಕೇಳುವುದಿಲ್ಲ. ಮೊದಮೊದಲು ನನಗೆ ಬೇಸರವಾಯಿತು. ಆಮೇಲೆ ಯೋಚಿಸಿದೆ: ನೆಹರೂ ಅವರನ್ನು ನೆನೆಯಲು ದೇಶವೇ ಇದೆ. ಫ್ರಾನ್ಸಿಸ್‌ಗೆ ಇರುವುದು ಈ ಓಣಿ ಒಂದೇ.

ರಾತ್ರಿ ಚಹ ತಂದ ಹುಡುಗ ಗಢವಾಲಿನವನು. ಅವನೂ ಕತೆ ಹೇಳಿದ. ಬಿಳಿ ಬಟ್ಟೆಯ ಹೆಂಗಸು ಓಣಿಯಲ್ಲಿ ಏನನ್ನೋ ಹುಡುಕುತ್ತಾ ನಡೆಯುತ್ತಾಳಂತೆ. ಏನು ಹುಡುಕುತ್ತಾಳಪ್ಪಾ ಎಂದು ಕೇಳಿದೆ. ತನಗೆ ವಿಷ ಕೊಟ್ಟವರು ಯಾರು ಅಂತ, ಎಂದ. ಅವನ ದನಿಯಲ್ಲಿ ಭಯಕ್ಕಿಂತ ಕನಿಕರವೇ ಹೆಚ್ಚಿತ್ತು. ನನಗೆ ಅಮಾವಾಸ್ಯೆಯ ದೀಪ ನೆನಪಾಯಿತು.

ಸವಾಯ್ ಆವರಣದಲ್ಲೇ ಒಂದು ಪುಟ್ಟ ಅಂಚೆ ಕಚೇರಿ ಇದೆ. ಬೆಳಿಗ್ಗೆ ಅಲ್ಲಿಗೆ ಹೋಗಿ, ಕೌಂಟರಿನಲ್ಲಿದ್ದವರಿಗೆ ನಾನೂ ಇಲಾಖೆಯವನೇ ಎಂದು ಹೇಳಿಕೊಂಡು, ಒಂದು ಕಾರ್ಡು ಕೊಂಡು ಮೇಟಿಯ ಮಗಳಿಗೆ ಬರೆದೆ. ಮೇಟಿ ತೀರಿಹೋಗಿ ಆಗಲೇ ಹತ್ತು ವರ್ಷದ ಮೇಲಾಗಿತ್ತು. ಆ ಓವರ್‌ಸಿಯರ್ ಹೆಸರೇನು, ಯಾವ ಊರಿನವರು, ಅಪ್ಪ ಏನಾದರೂ ಹೇಳಿದ್ದರಾ ತಾಯಿ ಎಂದು ಕೇಳಿದ್ದೆ.

ತಿಂಗಳಾದ ಮೇಲೆ ಇನ್‌ಲ್ಯಾಂಡ್ ಲೆಟರಿನಲ್ಲಿ ಉತ್ತರ ಬಂತು. ಹೆಸರು ಅಪ್ಪನಿಗೂ ಗೊತ್ತಿರಲಿಲ್ಲ, ಓವರ್‌ಸಿಯರಪ್ಪ ಅಂತಲೇ ಅನ್ನುತ್ತಿದ್ದರು ಎಂದು ಬರೆದಿದ್ದಳು. ಬಂಗಲೆಗೆ ಟೈಲ್ಸ್ ಹಾಕಿಸಿ ಎಡಗಡೆಯ ಕೋಣೆಯನ್ನು ವಿ.ಐ.ಪಿ. ರೂಮು ಮಾಡಿದ್ದಾರೆ, ಒಳಗೆ ದೀಪ ಇಡಲು ಬಿಡುವುದಿಲ್ಲ. ಅಮಾವಾಸ್ಯೆಗೆ ನಮ್ಮ ಮನೆಯ ಜಗಲಿಯಲ್ಲೇ ಇಡುತ್ತಿದ್ದೇನೆ ಸಾರ್, ಬಂಗಲೆಯಿಂದ ನೋಡಿದರೆ ಕಾಣುತ್ತದೆ.